ಗೂಡಿನಲ್ಲಿದ್ದ ಜಪಾನಿ ಕಪ್ಪು

ನನಗೆ ಸಿಟ್ಟು ಬೇಗ ಬರುತ್ತದೆ. ಮೂಗಿನ ತುದಿಯಲ್ಲೇ ಕೂತಿರುತ್ತದೆ ಅಂತ ಅವ್ವ ಹೇಳುತ್ತಾಳೆ. ಆದರೆ ನಮ್ಮ ಮನೆಗೆ ಬಂದವರು ಕೇಳುವ ಪ್ರಶ್ನೆ ಕೇಳಿದರೆ ಯಾರಿಗಾದರೂ ಬಂದೀತು. ಶಹಾಪುರದ ನನ್ನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಅಲಮಾರಿ ಇದೆ. ಬೇರೆಯವರು ಆ ಜಾಗದಲ್ಲಿ ಟಿವಿ ಇಡುತ್ತಾರೆ. ನಾನು ಜಪಾನಿನ ಹಳೆಯ ಸಾಮಾನು ಇಟ್ಟಿದ್ದೇನೆ. ಕೊಕ್ಕರೆಗಳು ಹಾರುವ ಒಂದು ನೀಲಿ ಹೂದಾನಿ, ಕಪ್ಪಿಲ್ಲದ ಕೆಲವು ಬಶಿಗಳು, ಮೆರುಗೆಣ್ಣೆ ಬಳಿದ ಕರಿ ಡಬ್ಬಿ, ಸುರಪುರದ ಬಿದ್ದ ವಾಡೆಯೊಂದರ ಗೋಡೆಯಿಂದ ಬಿಡಿಸಿ ತಂದ ನವಿಲಿನ ಚಿತ್ರದ ಟೈಲ್ಸು. ಬಂದವರು ಚಹಾ ಕುಡಿಯುತ್ತ ಅತ್ತ ಗಲ್ಲ ಎತ್ತಿ ಕೇಳುತ್ತಾರೆ, “ಸಿಸ್ಟರ, ಇವೆಲ್ಲಾ ಎದಕ್ಕ ಬರ್ತಾವ್ರಿ?”

ಎದಕ್ಕೂ ಬರುವುದಿಲ್ಲ. ನಿಮ್ಮ ಮನೆಯ ಗೋಡೆಗೆ ತೂಗುಹಾಕಿದ ಪ್ಲಾಸ್ಟಿಕ್ ಗುಲಾಬಿ ಎದಕ್ಕೆ ಬರುತ್ತದೆ? ಹಾಗಂತ ಮುಖದ ಮೇಲೆ ಕೇಳಿಯೂ ಇದ್ದೇನೆ. ನನ್ನ ಅಣ್ಣನ ಹೆಂಡತಿ ಒಮ್ಮೆ, “ಒಡಕ ಬಶಿ ಕೂಡಿಸೋ ಬದಲಿ ಕಿವಿಗಿ ಒಂದ ಜೋಡ ಬಂಗಾರದ್ದು ಮಾಡಿಸಿಕೋಬಾರದಾ?” ಅಂದಳು. ಬಂಗಾರ ನಿನ್ನ ಕಿವಿಯಲ್ಲೇ ಇರಲಿ, ನನ್ನ ಕಿವಿ ತಿನ್ನಬೇಡ ಅಂದೆ. ಆಮೇಲೆ ಬಹಳ ದಿನ ಅವಳು ನಮ್ಮ ಮನೆ ಕಡೆ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು.

ನಾನು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಬಸುರಿಯರನ್ನು ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು, ಮನೆ ಮನೆ ತಿರುಗುವುದು ನನ್ನ ಕೆಲಸ. ಎಲ್ಲರೂ ಸಿಸ್ಟರ ಅನ್ನುತ್ತಾರೆ. ಈ ಕೆಲಸದಿಂದ ಒಂದು ಲಾಭ ಉಂಟು. ಬೇರೆಯವರಿಗೆ ತೆರೆಯದ ಬಾಗಿಲು ನರ್ಸಿಗೆ ತೆರೆಯುತ್ತದೆ. ಬಾಣಂತಿಯ ಕೋಣೆಯವರೆಗೂ ಹೋಗಬಹುದು. ಅಲ್ಲಿ ಅಟ್ಟದ ಮೇಲೆ, ತೊಟ್ಟಿಲಿನ ಹಿಂದೆ, ಕಾಳಿನ ಚೀಲಗಳ ನಡುವೆ ಏನೇನು ಬಿದ್ದಿರುತ್ತದೆ ಅಂತ ನನ್ನ ಕಣ್ಣು ಹುಡುಕುತ್ತಿರುತ್ತದೆ.

ಇವು ಜಪಾನಿನಿಂದ ಇಲ್ಲಿಗೆ ಹೇಗೆ ಬಂದವು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಕೂರಿಸಿ ಹೇಳುತ್ತಿದ್ದೆ. ನಿಜಾಮರ ಕಾಲದಲ್ಲಿ ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಯಾದಗಿರಿಗೆ ಬಂದು, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಬಂಡಿಯ ಮೇಲೆ ಹಳ್ಳಿಗೆ ಬಂದವು. ಕೆಲವನ್ನು ಹೈದರಾಬಾದಿಗೆ ಹೋದ ಗೌಡರು, ಸಾಹುಕಾರರು ತಂದರು. ತಂದದ್ದು ತಾವು ಕುಡಿಯಲಿಕ್ಕಲ್ಲ. ಊರಿಗೆ ತಹಸೀಲ್ದಾರ ಬರುತ್ತಿದ್ದ, ಅಮೀನ ಬರುತ್ತಿದ್ದ, ಹೆಚ್ಚಿನವರು ಮುಸಲ್ಮಾನರು. ಅವರಿಗೆ ಚಹಾ ಕೊಡಬೇಕು, ಆದರೆ ಮನೆಯ ಬಟ್ಟಲಲ್ಲಿ ಕೊಡುವಂತಿಲ್ಲ. ಹಿತ್ತಾಳೆ, ಬೆಳ್ಳಿಯನ್ನು ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದರೆ ಶುದ್ಧವಾಗುತ್ತವೆ. ಮಣ್ಣು ಸುಟ್ಟು ಮಾಡಿದ ಪಿಂಗಾಣಿಗೆ ಪರರ ತುಟಿ ಒಮ್ಮೆ ತಾಕಿದರೆ ಮುಗಿಯಿತು, ಅದು ಯಾವತ್ತಿಗೂ ಎಂಜಲು. ಇದು ಅವರ ಲೆಕ್ಕ. ಹಾಗಾಗಿ ಈ ಕಪ್ಪು-ಬಶಿಗಳಿಗೆ ಹೊರಗಿನ ಪಡಸಾಲೆಯಲ್ಲಿ ಬೇರೆ ಕಪಾಟು. ಅಧಿಕಾರಿಗಳ ಕಾಲ ಮುಗಿದ ಮೇಲೆ ಕಪಾಟು ತೆರೆಯುವವರೇ ಇಲ್ಲ. ನಮ್ಮ ಕಡೆ ಜಪಾನಿ ಪಿಂಗಾಣಿ ಇಷ್ಟು ಉಳಿದದ್ದು ಯಾರೋ ಪ್ರೀತಿಯಿಂದ ಕಾಪಾಡಿದ್ದಕ್ಕಲ್ಲ, ಮನೆಯವರು ಮುಟ್ಟದೇ ಬಿಟ್ಟದ್ದಕ್ಕೆ.

ಅದರಲ್ಲಿ ಒಂದು ಕಪ್ಪಿನ ಅಂಚು ಸಿಡಿಯಿತೆನ್ನಿ. ಸಿಡಿದದ್ದು ಮನೆಯೊಳಗೆ ಇರಬಾರದು. ಎಸೆಯಲಿಕ್ಕೂ ಮನಸ್ಸು ಬಾರದು. ಆಗ ಅದು ದನದ ಕೊಟ್ಟಿಗೆಯ ಹೊರಗೋಡೆಯ ಗೂಡಿಗೆ ಹೋಗುತ್ತದೆ. ಗೂಡಿನ ಕಪ್ಪು ಅಂದರೆ ಆಳುಗಳ ಕಪ್ಪು. ನಮ್ಮವ್ವನ ಕಪ್ಪು ಹಾಗೆ ಬಂದದ್ದು.

ಕೆಂಭಾವಿ ಹತ್ತಿರದ ಒಂದು ಹಳ್ಳಿ ನಮ್ಮದು. ಅವ್ವ ಅಲ್ಲಿನ ಗೌಡರ ವಾಡೆಯಲ್ಲಿ ಕೊಟ್ಟಿಗೆ ಬಳಿಯುತ್ತಿದ್ದಳು, ಸಗಣಿ ಹೊರುತ್ತಿದ್ದಳು, ಕಾಳು ಹಸನು ಮಾಡುತ್ತಿದ್ದಳು. ಹೊತ್ತು ಏರಿದ ಮೇಲೆ ಗೌಡಶಾನಿ, ಅಂದರೆ ಗೌಡರ ಹೆಂಡತಿ, ಚಹಾದ ಚರಿಗೆ ಹಿಡಿದು ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಅವ್ವ ಗೂಡಿನಿಂದ ಕಪ್ಪು ಇಳಿಸಿ, ಎರಡೂ ಕೈಯಲ್ಲಿ ಕೆಳಗೆ ಹಿಡಿದು ನಿಲ್ಲಬೇಕು. ಗೌಡಶಾನಿ ಮೇಲಿನಿಂದ ಸುರಿಯುತ್ತಿದ್ದಳು, ಚರಿಗೆ ಕಪ್ಪಿಗೆ ತಾಕದಂತೆ. ಬಿಸಿ ಚಹಾ ಅವ್ವನ ಬೆರಳ ಮೇಲೆ ಸಿಡಿಯುತ್ತಿತ್ತು. ಕುಡಿದಾದ ಮೇಲೆ ಅವ್ವನೇ ತೊಳೆದು ಗೂಡಿನಲ್ಲಿ ಬೋರಲು ಹಾಕಬೇಕು. ಮನೆಯವರ ಯಾರ ಕೈಯೂ ಆ ಕಪ್ಪಿಗೆ ತಾಕುತ್ತಿರಲಿಲ್ಲ.

ಶಾಲೆ ಸೂಟಿ ಇದ್ದಾಗ ನಾನೂ ಅವ್ವನ ಬೆನ್ನು ಹತ್ತಿ ಹೋಗುತ್ತಿದ್ದೆ. ಆ ಕಪ್ಪು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳುವು. ಅಂಚಿಗೆ ಬಂಗಾರದ ಗೆರೆ, ಹೊಟ್ಟೆಯ ಮೇಲೆ ಗುಲಾಬಿ ಬಣ್ಣದ ಸಣ್ಣ ಹೂವು. ಹಿಡಿಕೆಯ ಪಕ್ಕ ಅಂಚು ಸಿಡಿದು, ಅಲ್ಲಿಂದ ಕೂದಲೆಳೆಯಂಥ ಸೀಳು ಕೆಳಗಿಳಿದಿತ್ತು. ಒಂದು ದಿನ ಅವ್ವ ಕಪ್ಪು ತೊಳೆದು, ಆಚೀಚೆ ನೋಡಿ, ನನ್ನನ್ನು ಹತ್ತಿರ ಕರೆದಳು. ಕಪ್ಪನ್ನು ಬಿಸಿಲಿಗೆ ಎತ್ತಿ ಹಿಡಿದಳು.

“ತಳದಾಗ ನೋಡು. ಯಾರ ಕುಂತಾರ?”

ನೋಡಿದೆ. ಬರೀ ಬಿಳಿ ಇದ್ದ ತಳದಲ್ಲಿ ಒಬ್ಬ ಹೆಂಗಸಿನ ಮುಖ ಮೂಡಿತ್ತು. ಎತ್ತಿ ಕಟ್ಟಿದ ತುರುಬು, ಸಣ್ಣ ಬಾಯಿ, ಕೆಳಗೆ ನೋಡುವ ಕಣ್ಣು. ಬಿಸಿಲಿನಿಂದ ತೆಗೆದರೆ ಮಾಯ, ಎತ್ತಿದರೆ ಮತ್ತೆ ಬರುತ್ತಾಳೆ. ಬಣ್ಣದಿಂದ ಬರೆದದ್ದಲ್ಲ. ಮಣ್ಣನ್ನೇ ಒಂದು ಕಡೆ ದಪ್ಪ, ಒಂದು ಕಡೆ ತೆಳು ಮಾಡಿ ಆ ಮುಖ ತಂದಿರುತ್ತಾರೆ ಅಂತ ನಾನು ತಿಳಿದುಕೊಂಡದ್ದು ಬಹಳ ವರ್ಷದ ಮೇಲೆ.

“ಇಕಿ ನನ್ನ ಗೆಳತಿ,” ಅಂದಳು ಅವ್ವ. “ಚಾ ಪೂರಾ ಕುಡದ್ರ ಅಷ್ಟ ಮಾರಿ ತೋರಸ್ತಾಳ. ಗೌಡಶಾನಿಗಿ ಗೊತ್ತಿಲ್ಲ. ಯಾರಿಗೂ ಹೇಳಬ್ಯಾಡ.”

ಯಾರಿಗೂ ಹೇಳಲಿಲ್ಲ. ಅವಮಾನ ಅಂತಲೂ ಆಗ ನನಗೆ ಅನ್ನಿಸಲಿಲ್ಲ. ಒಳಗೆ ಕುಡಿಯುವವರ ಕಂಚಿನ ಬಟ್ಟಲಲ್ಲಿ ಯಾರೂ ಇಲ್ಲ, ನಮ್ಮ ಕಪ್ಪಿನಲ್ಲಿ ಒಬ್ಬಳಿದ್ದಾಳೆ ಅಂತ ಜಂಭ ಪಟ್ಟಿದ್ದೆ. ಸಿಟ್ಟು ಬಂದದ್ದು ಮುಂದೆ, ಯಾದಗಿರಿಯಲ್ಲಿ ನರ್ಸಿಂಗ್ ಕಲಿಯುವಾಗ. ಹಾಸ್ಟೆಲ್ಲಿನಲ್ಲಿ ಒಂದು ಹುಡುಗಿ ತಾನು ಅರ್ಧ ಕುಡಿದ ಗ್ಲಾಸನ್ನು ನನ್ನ ಕೈಗೆ ಕೊಟ್ಟು, “ಉಳದದ್ದು ನೀ ಕುಡೀ, ನನಗ ಸಾಕು” ಅಂದಳು. ಅವಳಿಗೆ ಅದು ಏನೂ ಅಲ್ಲ. ನನಗೆ ಮೇಲಿನಿಂದ ಸುರಿಯುವ ಚರಿಗೆ ನೆನಪಾಯಿತು, ಅವ್ವನ ಬೆರಳು ನೆನಪಾಯಿತು. ಅವತ್ತು ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಅದೇ ಯಾದಗಿರಿಯಲ್ಲಿ ಸ್ಟೇಷನ್ನಿನ ಕಡೆಯ ಒಂದು ಗುಜರಿ ಅಂಗಡಿಯಲ್ಲಿ ತೆಳುವಾದ ಬಶಿಯೊಂದು ಕಣ್ಣಿಗೆ ಬಿತ್ತು. ಅದೇ ಬಿಳುಪು, ಅದೇ ಬಂಗಾರದ ಗೆರೆ. ತಿರುಗಿಸಿ ನೋಡಿದರೆ ಬೆನ್ನಿಗೆ ಕೆಂಪು ಅಕ್ಷರದಲ್ಲಿ ಜಪಾನ್ ಅಂತ ಇತ್ತು. ಅವ್ವನ ಗೆಳತಿಯ ಊರು ಗೊತ್ತಾಯಿತು. ಕೊಂಡೆ. ಹುಚ್ಚು ಹತ್ತಿದ್ದು ಅಲ್ಲಿಂದ. ಮೊಬೈಲ್ ಬಂದ ಮೇಲೆ ಕೂತಲ್ಲೇ ಜಪಾನಿನ ಕುಂಬಾರಿಕೆ, ಮೀನಾಕೆಲಸ, ಮೆರುಗೆಣ್ಣೆ ಎಲ್ಲವನ್ನೂ ನೋಡಿ ಕಲಿತೆ. ಗೆಳತಿಯ ಕಪ್ಪು ಮಾತ್ರ ಎಲ್ಲೂ ಸಿಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಶಹಾಪುರಕ್ಕೆ ಕರೆತಂದೆ. ಊರಿನ ಋಣ ಹರಿಯಿತು. ಕಪ್ಪಿನ ಮಾತು ಬಂದರೆ ಅವ್ವ, “ಇನ್ನೂ ಎಲ್ಲಿರ್ತದ? ಒಡದು ತಿಪ್ಪಿಗಿ ಹೋಗಿರ್ತದ” ಅನ್ನುತ್ತಿದ್ದಳು. ಬೇಕು ಅನ್ನುವುದನ್ನು ಅವ್ವ ಬಾಯಿಬಿಟ್ಟು ಹೇಳುವವಳಲ್ಲ.

ಈ ಹುಚ್ಚಿನಲ್ಲಿ ನನ್ನ ಹೊಟ್ಟೆ ಉರಿಸಿದವರು ಒಬ್ಬಿಬ್ಬರಲ್ಲ. ಶಹಾಪುರದ ಗುಜರಿಯವನಿಗೆ ಹೂದಾನಿ ಸಿಕ್ಕರೆ ನನಗೆ ಹೇಳು ಅಂತ ಹೇಳಿಟ್ಟಿದ್ದೆ. ಒಂದು ದಿನ ಕರೆದ, ಹೋದೆ. ಹೊಳೆಯುವ ಬಣ್ಣದ ಚೂರುಗಳು ನೆಲದ ತುಂಬ ಚೆಲ್ಲಿದ್ದವು, ನಡುವೆ ಬೋಳು ತಾಮ್ರದ ಬುರುಡೆ. ತಾಮ್ರದ ಮೇಲೆ ತಂತಿ ಹೆಣೆದು, ಗಾಜಿನ ಪುಡಿ ತುಂಬಿ, ಸುಟ್ಟು ಮಾಡಿದ ಜಪಾನಿ ಹೂದಾನಿ ಅದು. “ಮ್ಯಾಲಿಂದೆಲ್ಲಾ ಸುತ್ತಿಗಿಲೆ ಬಡದು ತಗದೀನ್ರಿ ಸಿಸ್ಟರ, ಒಳಗ ಖರೇ ತಾಂಬ್ರ ಅದ” ಅಂತ ಹಲ್ಲು ಕಿರಿದ. ಅವನ ತಲೆಯ ಮೇಲೆ ಅದೇ ಸುತ್ತಿಗೆಯಿಂದ ಬಡಿಯಬೇಕು ಅನ್ನಿಸಿತು. ಬಾಯಿಗೆ ಬಂದದ್ದು ಬೈದು ಬಂದೆ.

ಸುರಪುರದ್ದು ಇನ್ನೂ ಕಡೆ. ಅಲ್ಲಿ ಒಂದು ಮನೆಯಲ್ಲಿ ಮೊಣಕಾಲೆತ್ತರದ ಹೂದಾನಿ ನೋಡಿ ಬಂದಿದ್ದೆ. ಮೈತುಂಬ ಬಂಗಾರದ ನೀರಿನಲ್ಲಿ ಸೇವಂತಿಗೆ. ದಸರೆ ಆದ ಮೇಲೆ ಕೊಡುತ್ತೇನೆ ಅಂದಿದ್ದಳು ಮನೆಯೊಡತಿ. ಹಬ್ಬ ಕಳೆದ ಮೇಲೆ ನಾನು ಹೋದರೆ ಹೂದಾನಿ ಬೋಳು ಬೆಳ್ಳಗೆ ನಿಂತಿತ್ತು. ನಮ್ಮಲ್ಲಿ ಹಬ್ಬ ಬಂತೆಂದರೆ ಮನೆಯ ಸಾಮಾನೆಲ್ಲ ಹೊರಗೆ ತೆಗೆದು ಹುಣಸೆಹಣ್ಣು ಬೂದಿ ಹಾಕಿ ತಿಕ್ಕುತ್ತಾರಲ್ಲ, ಆ ಹಿತ್ತಾಳೆಯ ಕೊಡಗಳ ಸಾಲಿನಲ್ಲಿ ಇದನ್ನೂ ಇಟ್ಟು ತೆಂಗಿನ ನಾರಿನಿಂದ ತಿಕ್ಕಿದ್ದಾಳೆ. “ನಿಮಗ ಕೊಡೋದು ಅಂತ ಛಲೋತ್ನಾಗಿ ಬೆಳಗೀನ್ರಿ. ನೋಡ್ರಿ, ಹೆಂಗ ಹೊಳ್ಯಾಕತ್ತದ!” ಅಂದಳು. ಇವಳಿಗೆ ಏನಂತ ಬೈಯುವುದು? ಕಷ್ಟಪಟ್ಟು ತಿಕ್ಕಿ ಅಂಗೈ ಕೆಂಪು ಮಾಡಿಕೊಂಡಿದ್ದಳು. ಆಟೋದಲ್ಲಿ ಕೂತು ಹಲ್ಲು ಕಡಿಯುತ್ತ ಶಹಾಪುರಕ್ಕೆ ಬಂದೆ.

ಇಷ್ಟೆಲ್ಲ ಆದ ಮೇಲೆ ನನಗೆ ವರ್ಗವಾಯಿತು. ಹೊಸ ಉಪಕೇಂದ್ರದ ಹಳ್ಳಿಗಳಲ್ಲಿ ನಮ್ಮ ಊರೂ ಒಂದು.

ಪೋಲಿಯೊ ಹನಿ ಹಾಕುವ ದಿನ ಗೌಡರ ವಾಡೆಗೆ ಹೋದೆ. ಗೌಡರು ತೀರಿಕೊಂಡಿದ್ದಾರೆ, ಗೌಡಶಾನಿಗೆ ಅವ್ವನಷ್ಟೇ ವಯಸ್ಸಾಗಿದೆ. ಮಗ ಯಾದಗಿರಿಯಲ್ಲಿ ಗುತ್ತಿಗೆದಾರ, ಸೊಸೆ ಬಾಣಂತನ ಮುಗಿಸಿ ಇಲ್ಲಿ ಇದ್ದಳು. “ಬರ್ರಿ ಸಿಸ್ಟರ, ಕೂಡ್ರಿ” ಅಂತ ಗೌಡಶಾನಿಯೇ ಕುರ್ಚಿ ಎಳೆದಳು. ನನ್ನ ಗುರುತು ಹತ್ತಲಿಲ್ಲ. ಕೂಸಿನ ಗಲ್ಲ ಒತ್ತಿ, ಬಾಯಿ ತೆರೆಸಿ ಹನಿ ಹಾಕಿದೆ. ಆಮೇಲೆ ಗೋಡೆಗೆ ಸೀಮೆಸುಣ್ಣದ ಗುರುತು ಹಾಕಲು ಹೊರಗೆ ಬಂದೆ. ನನ್ನ ಕಾಲುಗಳು ತಾವಾಗಿ ಹಿತ್ತಲ ಕಡೆ ತಿರುಗಿದವು.

ಕೊಟ್ಟಿಗೆಯಲ್ಲಿ ಈಗ ದನ ಇಲ್ಲ, ಟ್ರ್ಯಾಕ್ಟರ್ ನಿಂತಿದೆ. ಗೂಡು ಹಾಗೇ ಇತ್ತು. ಗೂಡಿನಲ್ಲಿ ಕಪ್ಪು ಇತ್ತು. ಅದರ ತುಂಬ ಕರಿ ಗ್ರೀಸು, ಗ್ರೀಸಿನಲ್ಲಿ ಹುಗಿದ ಒಂದು ಕಡ್ಡಿ.

ಚೀಲದಿಂದ ಹತ್ತಿ, ಸ್ಪಿರಿಟ್ ತೆಗೆದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಒರೆಸಿದೆ. ಬಂಗಾರದ ಗೆರೆ ಬಂತು, ಗುಲಾಬಿ ಹೂವು ಬಂತು, ಹಿಡಿಕೆಯ ಪಕ್ಕ ಸಿಡಿದ ಅಂಚು ಬಂತು. ಹಳೆ ಸಾಮಾನು ಕೊಳ್ಳುವವರಿಗೆ ಒಂದು ನಿಯಮ ಇರುತ್ತದೆ. ಮನೆಯವರ ಎದುರಿಗೆ ಆಸೆ ತೋರಿಸಬಾರದು, ಸಾಮಾನನ್ನು ಬೆಳಕಿಗೆ ಎತ್ತಿ ನೋಡಬಾರದು. ಅವತ್ತು ನನಗೆ ಯಾವ ನಿಯಮವೂ ನೆನಪಾಗಲಿಲ್ಲ. ಕಪ್ಪನ್ನು ಬಿಸಿಲಿಗೆ ಎತ್ತಿದೆ. ತಳದಲ್ಲಿ ಗೆಳತಿ ಕಣ್ಣು ಕೆಳಗೆ ಮಾಡಿ ಕೂತಿದ್ದಳು.

“ಏನ ನೋಡಾಕತ್ತೀರಿ ಸಿಸ್ಟರ?” ಗೌಡಶಾನಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಅದೇ ಹೊಸ್ತಿಲ ಮೇಲೆ.

“ಇದು ಜಪಾನಿಂದ್ರಿ ಅಮ್ಮಾರ. ಭಾಳ ಹಳೇದು. ನಮ್ಮವ್ವ ಇದರಾಗ ಚಾ ಕುಡೀತಿದ್ಲು. ನನಗ ಕೊಡ್ರಿ. ಏನ ಕೇಳ್ತೀರಿ ಕೊಡ್ತೀನಿ.”

“ನಿಮ್ಮವ್ವ ಅಂದ್ರ? ಯಾರ ಮಗಳು ನೀ?”

ಹೇಳಿದೆ. ಬಾಗಿಲ ತನಕ ‘ಸಿಸ್ಟರ, ಬರ್ರಿ’ ಇದ್ದದ್ದು ಹೊಸ್ತಿಲ ಮೇಲೆ ‘ನೀ’ ಆಯಿತು. ಮುಂದೆ ಪೂರಾ ‘ನೀ’ ಆಗಿಯೇ ಉಳಿಯಿತು. “ನನ್ನ ಮಗ ಬರ್ಲಿ, ಕೇಳಿ ಹೇಳ್ತೀನಿ. ಅಲ್ಲೇ ಇಡು” ಅಂದಳು. ಅಲ್ಲೇ ಇಟ್ಟು ಬಂದೆ. ಚೀಲಕ್ಕೆ ಹಾಕಿಕೊಂಡು ಬಂದಿದ್ದರೆ ಯಾರು ಕೇಳುತ್ತಿದ್ದರು? ಗ್ರೀಸಿನ ಕಪ್ಪು! ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮುಂದಿನ ಸಲ ಹೋದಾಗ ಗೂಡು ಖಾಲಿ ಇತ್ತು. ಕಪ್ಪು ಒಳಗೆ ಹೋಗಿತ್ತು. ದೇವರ ಜಗುಲಿಯ ಪಕ್ಕದ ಹೊಸ ಶೋಕೇಸಿನ ನಡುವಿನ ಖಾನೆಯಲ್ಲಿ ಒಂದು ಸ್ಟೀಲ್ ಸ್ಟ್ಯಾಂಡಿನ ಮೇಲೆ, ಹಿಂದಿನಿಂದ ಸಣ್ಣ ಬಲ್ಬು ಹಚ್ಚಿ ಇಟ್ಟಿದ್ದರು. ಮಗ ಮೊಬೈಲಿನಲ್ಲಿ ಹುಡುಕಿ, ಬೆಲೆಬಾಳುವ ಸಾಮಾನು ಅಂತ ತಿಳಿದುಕೊಂಡಿದ್ದನಂತೆ. ಕೊಡುವ ಮಾತೇ ಇಲ್ಲ ಅಂತ ಸೊಸೆ ಮೆಲ್ಲಗೆ ಹೇಳಿದಳು.

ಶಹಾಪುರಕ್ಕೆ ಬಂದು ಅವ್ವನಿಗೆ ಹೇಳಿದೆ. ಕಪ್ಪು ಇದೆ ಅಂದಾಗ ಅವಳ ಮುಖ ನೋಡಬೇಕಿತ್ತು. ಕೊಡುವುದಿಲ್ಲ ಅಂದದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ. “ಅದಾಳಾ ಇನ್ನ? ನಡೀ, ಒಮ್ಮೆ ನೋಡ್ಕೊಂಡು ಬರೂಣು. ಕೈಯಾಗ ಹಿಡದು ಬಿಸಲಿಗಿ ಒಮ್ಮೆ ನೋಡಿದ್ರ ಸಾಕು” ಅಂದಳು. ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು. ಅವ್ವ ತನಗೆ ಏನೋ ಬೇಕು ಅಂತ ನನ್ನ ಹತ್ತಿರ ಕೇಳಿದ್ದು ಅದೇ ಮೊದಲು.

ರವಿವಾರ ಮಗ ಊರಿಗೆ ಬರುತ್ತಾನೆ ಅಂತ ತಿಳಿದುಕೊಂಡು ಹೋದೆವು. ವಾಡೆಯ ತಲಬಾಗಿಲು ಬಂದ ಕೂಡಲೇ ಅವ್ವ ನನ್ನ ಕೈ ಬಿಡಿಸಿಕೊಂಡು ಹಿತ್ತಲ ಕಡೆ ತಿರುಗಿದಳು. ಎಷ್ಟೋ ವರ್ಷದ ರೂಢಿ. “ಈ ಕಡೆ ಅವ್ವಾ!” ಅಂತ ಗದರಿದೆ. ಅವಳ ಮೇಲೂ ಸಿಟ್ಟು ಬಂತು. ಒಳಗೆ ಬಂದರೂ ಕುರ್ಚಿಯ ಮೇಲೆ ಕೂರಲಿಲ್ಲ, ಗೋಡೆಗೆ ಆತು ನೆಲಕ್ಕೆ ಕೂತಳು. ಯಾರೂ ಮೇಲೆ ಕೂರು ಅನ್ನಲಿಲ್ಲ. ನಾನು ಕುರ್ಚಿಯ ಮೇಲೆ ಕೂತೆ. ಬೇಕೆಂದೇ ಕಾಲ ಮೇಲೆ ಕಾಲು ಹಾಕಿ ಕೂತೆ.

ಚಹಾ ಬಂತು. ಗೌಡಶಾನಿಗೆ, ಮಗನಿಗೆ ಸ್ಟೀಲಿನ ಲೋಟದಲ್ಲಿ. ನಮಗಿಬ್ಬರಿಗೂ ಕಾಗದದ ಕಪ್ಪಿನಲ್ಲಿ. ನಾನು ಆ ಕಪ್ಪನ್ನೇ ನೋಡುತ್ತಿರುವುದು ಮಗನ ಕಣ್ಣಿಗೆ ಬಿತ್ತು.

“ತಪ್ಪ ತಿಳಕೋಬ್ಯಾಡ್ರಿ ಸಿಸ್ಟರ. ಈಗ ಯೂಸ್ ಆಂಡ್ ಥ್ರೋ ಛಲೋ. ತೊಳಿಯೋ ತ್ರಾಸ ಇಲ್ಲ.”

“ಹೌದ್ರಿ. ಮೊದಲ ನಮ್ಮವ್ವ ತೊಳೀತಿದ್ಲು. ಈಗ ಆ ತ್ರಾಸನೂ ಇಲ್ಲ,” ಅಂದೆ. ಅವನು ನಕ್ಕ. ತಿಳಿಯಿತೋ ಇಲ್ಲವೋ.

ಮಗ ಎದ್ದು ಶೋಕೇಸಿನ ಬಲ್ಬು ಹಚ್ಚಿ ವರ್ಣನೆ ಶುರು ಮಾಡಿದ. ಮುತ್ತಜ್ಜ ಹೈದರಾಬಾದಿನಿಂದ ತಂದದ್ದಂತೆ. ಮುತ್ತಜ್ಜ ಅಧಿಕಾರಿಗಳ ಜೊತೆ ಕೂತು ಇದೇ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದನಂತೆ. ಮನೆಯವರು ನಾಲ್ಕು ತಲೆಯಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದಾರಂತೆ. ಗ್ರೀಸಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇತ್ತು. ನಾಲಿಗೆ ಕಚ್ಚಿ ಹಿಡಿದು ಕೂತೆ, ಯಾಕೆಂದರೆ ಅವ್ವ ಕೈಯಲ್ಲಿ ಹಿಡಿದು ನೋಡುವವರೆಗೆ ಜಗಳ ಮಾಡಬಾರದು ಅಂತ ನಿರ್ಧಾರ ಮಾಡಿಕೊಂಡು ಬಂದಿದ್ದೆ.

ಮಗ ಗಾಜಿನ ಬಾಗಿಲು ಸರಿಸಿದ. ಅವ್ವ ಎದ್ದು ಹತ್ತಿರ ಹೋದಳು. ಸೆರಗಿಗೆ ಕೈ ಒರೆಸಿಕೊಂಡಳು. ಸುಕ್ಕುಗಟ್ಟಿದ ಬೆರಳುಗಳು ಹಿಡಿಕೆಯ ಕಡೆ ಹೋದವು.

“ಏ, ಮುಟ್ಟಬ್ಯಾಡ!” ಗೌಡಶಾನಿ ಕೂತಲ್ಲಿಂದಲೇ ಕೂಗಿದಳು. “ಭಾಳ ನಾಜೂಕದ ಅದು.”

ಅವ್ವನ ಕೈ ಬೆಂಕಿಗೆ ತಾಕಿದ ಹಾಗೆ ಹಿಂದೆ ಬಂತು. ಬೈಯಿಸಿಕೊಂಡು ರೂಢಿಯಾದ ಕೈ ಅದು, ತಾನಾಗಿಯೇ ಬಂತು.

ನಾನು ಎದ್ದು ನಿಂತೆ. “ನಾಜೂಕ ಏನ್ರಿ? ಮೊನ್ನಿ ತನಕ ಗ್ರೀಸ್ ತುಂಬಿದ್ರಿ ಅದರಾಗ! ಅದಕ್ಕ ನಿಮ್ಮ ಮನ್ಯಾಗ ಯಾರ ಕೈ ಹತ್ಯಾವ ಹೇಳ್ರಿ? ನಮ್ಮವ್ವ ಕುಡದಾಳ, ನಮ್ಮವ್ವ ತೊಳದಾಳ, ನಮ್ಮವ್ವ ಇಟ್ಟಾಳ. ಆವತ್ತ ಅಕಿ ಮುಟ್ಟ್ಯಾಳ ಅಂತ ನೀವು ಮುಟ್ಟಲಿಲ್ಲ. ಇವತ್ತ ಅಕಿನೇ ಮುಟ್ಟಬಾರದಾ?”

“ಸಿಸ್ಟರ, ನಾವು ಈಗ ಅಂಥಾದ್ದೆಲ್ಲಾ ನೋಡಂಗಿಲ್ರಿ,” ಅಂದ ಮಗ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ನನಗೆ ಉರಿಯಿತು. “ನನ್ನ ಕೂಸಿನ ಬಾಯಾಗ ನೀವೇ ಹನಿ ಹಾಕೀರಿ. ಏನರ ಅಂದೇವಾ?”

ಉಪಕಾರ ಮಾಡಿದಂತೆ ಹೇಳಿದ. ಇವನ ಕೂಸಿನ ಕಾಲು ಬಲ ಕಳೆದುಕೊಳ್ಳಬಾರದು ಅಂತ ನಾನು ಬಿಸಿಲಲ್ಲಿ ತಿರುಗಿದ್ದಕ್ಕೆ, ನನ್ನ ಕೈ ತಾಕಿದರೂ ಸುಮ್ಮನಿದ್ದ ದೊಡ್ಡ ಮನಸ್ಸು ಇವನದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಮಾತಾಡಿದಳು, ಮೆಲ್ಲಗೆ, ಗೌಡಶಾನಿಯ ಕಡೆ ತಿರುಗಿ.

“ಅಮ್ಮಾರ, ಇಷ್ಟ ವರ್ಷ ನಾ ಬಾಯಿ ಹಚ್ಚಿ ಕುಡದೀನ್ರಿ ಅದರಾಗ. ನನ್ನ ಎಂಜಲ ಹೋಗಿಲ್ಲ ಅದರದು. ದೇವರ ಬಾಜೂಕ ಇಟ್ಟೀರಲ್ಲ.”

ಬೇಕೆಂದೇ ಹೇಳಿದಳೋ, ಹಳೆಯ ರೂಢಿಯಂತೆ ನಿಜವಾಗಿ ಕಳವಳಪಟ್ಟು ಹೇಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದರೆ ಹೇಳುವುದಿಲ್ಲ. ಗೌಡಶಾನಿಯ ಮುಖ ಮಾತ್ರ ಬಿಳುಚಿತು. ಅವಳು ಒಮ್ಮೆ ಕಪ್ಪು ನೋಡಿದಳು, ಒಮ್ಮೆ ಜಗುಲಿ ನೋಡಿದಳು. “ಎಮ್ಮಾ, ಅದೆಲ್ಲಾ ಬಿಡು” ಅಂತ ಮಗ ಅನ್ನುತ್ತಿದ್ದ. ನಾವು ಕಾಗದದ ಕಪ್ಪುಗಳನ್ನು ಮುಟ್ಟದೆ ಎದ್ದು ಬಂದೆವು. ಬಸ್ಸಿನಲ್ಲಿ ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಬಲ್ಬಿನ ಬೆಳಕಿನಾಗ ಮಾರಿ ಸರಿ ಕಾಣಲಿಲ್ಲ” ಅಂದಳು.

ಸ್ವಲ್ಪ ದಿನಕ್ಕೆ ಸೊಸೆ ಫೋನ್ ಮಾಡಿದಳು. ಅತ್ತೆಗೆ ಸಮಾಧಾನವೇ ಇಲ್ಲವಂತೆ. ಮಗ ಯಾದಗಿರಿಗೆ ಹೋದ ಮೇಲೆ ಕಪ್ಪನ್ನು ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದಳಂತೆ. ಮಣ್ಣಿನದು, ಎಷ್ಟು ತಿಕ್ಕಿದರೂ ಶುದ್ಧವಾಗದು ಅನ್ನಿಸಿ ಮತ್ತೆ ಗೂಡಿಗೆ ಹಾಕಿದ್ದಾಳಂತೆ. ಬೇಕಿದ್ದರೆ ಬಂದು ಒಯ್ಯಲಿ ಅಂದಿದ್ದಾಳಂತೆ.

ನಾನು ಕುದಿದುಹೋದೆ. ಬೇಡಿದಾಗ ಕೊಡಲಿಲ್ಲ, ಕೇಳಿದಷ್ಟು ಕೊಡುತ್ತೇನೆ ಅಂದಾಗಲೂ ಕೊಡಲಿಲ್ಲ. ಈಗ ನನ್ನವ್ವನ ತುಟಿ ತಾಕಿದ್ದಕ್ಕೆ ಹೊರಗೆ ಎಸೆದು, ಎತ್ತಿಕೊಂಡು ಹೋಗು ಅನ್ನುತ್ತಾಳೆ. “ಅಕಿ ಕಪ್ಪು ಅಕಿ ಗೂಡಿನಾಗೇ ಇರ್ಲಿ. ಸತ್ರೂ ತರಂಗಿಲ್ಲ!” ಅಂತ ಕೂಗಾಡಿದೆ. ಅವ್ವ ಪೂರಾ ಕೇಳಿಸಿಕೊಂಡಳು.

“ಸಿಟ್ಟು ನಿಂದು, ಕಪ್ಪು ನಂದು,” ಅಂದಳು. “ಹೋಗಿ ತಗೊಂಡು ಬಾ.”

ಹೋದೆ. ಗೌಡಶಾನಿ ಹೊರಗೆ ಬರಲಿಲ್ಲ. ಸೊಸೆ ಹಿತ್ತಲ ಬಾಗಿಲಲ್ಲಿ ನಿಂತು ಗೂಡಿನ ಕಡೆ ಕೈ ತೋರಿಸಿದಳು. ಕಪ್ಪು ಬೋರಲು ಬಿದ್ದಿತ್ತು. ಬಂಗಾರದ ಗೆರೆ ಹೋಗಿತ್ತು, ಗುಲಾಬಿ ಹೂವು ಅಳಿಸಿ ಅಲ್ಲಲ್ಲಿ ಕಲೆ ಉಳಿದಿತ್ತು. ಕೂದಲೆಳೆಯ ಸೀಳು ಅಗಲವಾಗಿತ್ತು. ಹತ್ತಿಯಲ್ಲಿ ಸುತ್ತಿ, ಲಸಿಕೆಯ ಡಬ್ಬದಲ್ಲಿಟ್ಟು, ಎದೆಗೆ ಅವಚಿಕೊಂಡು ತಂದೆ. ಅಲಮಾರಿಯ ನಡುವಿನ ಖಾನೆಯಿಂದ ಕೊಕ್ಕರೆಯ ಹೂದಾನಿಯನ್ನು ಸರಿಸಿ ಅಲ್ಲಿ ಇಟ್ಟೆ. ಕೆಳಗೆ ಮೆತ್ತನೆಯ ಬಟ್ಟೆ ಹಾಕಿದೆ. ಧೂಳು ಬೀಳಬಾರದು ಅಂತ ಗಾಜಿನ ಬಾಗಿಲು ಮುಚ್ಚಿದೆ. ಅವ್ವ ಸ್ನಾನಕ್ಕೆ ಹೋಗಿದ್ದಳು.

ಅಡಿಗೆಮನೆಯಲ್ಲಿ ಚಹಾ ಕುದಿಯುತ್ತಿತ್ತು. ಗಾಜು ಸರಿದ ಸದ್ದಾಯಿತು. ತಿರುಗಿ ನೋಡಿದರೆ ಅವ್ವ ಅಲಮಾರಿಯ ಮುಂದೆ ನಿಂತಿದ್ದಳು. ಕೂದಲಿನಿಂದ ನೀರು ಇಳಿಯುತ್ತಿತ್ತು, ಕೈ ಹಿಡಿಕೆಯ ಹತ್ತಿರ ಹೋಗಿತ್ತು. ಸೀಳು ಬಿಟ್ಟ ಕಪ್ಪು, ಒದ್ದೆ ಕೈ.

“ಅವ್ವಾ, ಮುಟ್ಟಬ್ಯಾಡ!” ನನ್ನ ಬಾಯಿಂದ ಬಂತು. “ಭಾಳ ನಾಜೂಕದ ಅದು.”

ಅವ್ವನ ಕೈ ಹಿಂದೆ ಬಂತು. ಅವತ್ತು ವಾಡೆಯಲ್ಲಿ ಬಂದ ಹಾಗೆಯೇ ಬಂತು. ಅವಳು ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಸರಿದು ನಿಂತಳು.

ಇಷ್ಟು ವರ್ಷ ಯಾರ್ಯಾರ ಮೇಲೆ ಸಿಟ್ಟು ಮಾಡಿದ್ದೇನೆ! ನನ್ನ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅಲಮಾರಿಯ ಬಾಗಿಲು ಪೂರಾ ತೆರೆದೆ. ಕಪ್ಪು ತೆಗೆದು ಅವ್ವನ ಎರಡೂ ಕೈಯಲ್ಲಿಟ್ಟೆ. ಕಿಟಕಿಯ ಹತ್ತಿರ ಕುರ್ಚಿ ಎಳೆದು ಕೂರಿಸಿ, ಚಹಾದ ಪಾತ್ರೆ ತಂದು, ಪಾತ್ರೆಯ ಅಂಚನ್ನು ಕಪ್ಪಿನ ಅಂಚಿಗೆ ತಾಕಿಸಿ ಸುರಿದೆ. ಸೀಳಿನಿಂದ ಒಂದು ಹನಿ ಹೊರಗೆ ಬಂದು ಅವ್ವನ ಬೆರಳಿಗೆ ಇಳಿಯಿತು. ಅವ್ವ ನಿಧಾನಕ್ಕೆ ಪೂರಾ ಕುಡಿದಳು. ಆಮೇಲೆ ಕಪ್ಪನ್ನು ಬಿಸಿಲಿಗೆ ಎತ್ತಿದಳು.

“ಅದಾಳ,” ಅಂದಳು. “ಇನ್ನೊಂದೀಟ ಚಾ ಹಾಕು.”